ಎಮ್ಮೆಯ ಬಾಲ ಹಿಡಿದು ಬಂದ ತಮ್ಮ

ಅಪ್ಪ ಕೇಕ್ ಕತ್ತರಿಸಲು ಚಾಕು ಎತ್ತಿದ್ದರು. ಅಷ್ಟರಲ್ಲಿ ಧಾರವಾಡದ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಸೋದರತ್ತೆ, "ತಡಿಯೋ ತಮ್ಮಾ, ಮೊದಲ ನಿನ್ನ ಎಮ್ಮಿ ಕತಿ ಹೇಳತೀನಿ" ಎಂದರು. ಅಪ್ಪ ನಾಚಿ ತಲೆ ತಗ್ಗಿಸಿದರು.

ಪುಣೆಯ ಸದಾಶಿವ ಪೇಠದ ನಮ್ಮ ಮನೆಯಲ್ಲಿ ಅಂದು ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ. ಅತ್ತೆ ಮದುವೆಯಾದ ವರ್ಷ ಹಳ್ಳ ತುಂಬಿ ಹರಿದು, ಪಂಚಮಿ ಹಬ್ಬಕ್ಕೆ ತವರಿಗೆ ಬರಲಾಗಲಿಲ್ಲವಂತೆ. ಆಗ ಹತ್ತು ವರ್ಷದ ಅಪ್ಪ ಶೇಂಗಾ ಉಂಡಿಗಳ ಗಂಟನ್ನು ತಲೆಗೆ ಕಟ್ಟಿಕೊಂಡು, ಎಮ್ಮೆಯ ಬಾಲ ಹಿಡಿದು ಹಳ್ಳ ದಾಟಿ, ಅಕ್ಕನ ಅಂಗಳದಲ್ಲಿ ತೊಯ್ದು ನಿಂತಿದ್ದರಂತೆ. "ಉಂಡಿ ಎಲ್ಲಾ ನೆನೆದು ಮುದ್ದಿ ಆಗಿದ್ವು. ಅಷ್ಟು ರುಚಿ ಉಂಡಿ ನಾ ಮತ್ತ ತಿಂದಿಲ್ಲ" ಎನ್ನುತ್ತ ಅತ್ತೆ ಕಣ್ಣೊರೆಸಿಕೊಂಡರು.

ರಸ್ತೆ ದಾಟಲು ಅಂಜಿ ಇಂದಿಗೂ ನನ್ನ ಕೈ ಬಿಡದ ಅಪ್ಪನನ್ನು ನಾನು ಬೆರಗಾಗಿ ನೋಡಿದೆ. "ಅಜ್ಜಾ, ಅಂಜಿಕಿ ಬರಲಿಲ್ಲೇನು?" ಎಂದು ನನ್ನ ಮಗಳು ಕೇಳಿದಳು.

"ಯಾಕ ಅಂಜಬೇಕು? ಎಮ್ಮಿಗೆ ಈಜು ಬರತಿತ್ತಲ್ಲ!" ಎಂದರು ಅಪ್ಪ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ನಮ್ಮ ಮನೆಯಲ್ಲಿ ಹಿರಿಯರಲ್ಲಿ ಯಾರ ಹುಟ್ಟುಹಬ್ಬವಾದರೂ ಅವರ ಹಳ್ಳಿಯ ದಿನಗಳ ಒಂದು ಕತೆ ಹೇಳಲೇಬೇಕೆಂದಾಗಿದೆ. ಮುಂದಿನ ತಿಂಗಳು ಅವ್ವನ ಸರದಿ. ಅವಳು ಈಗಾಗಲೇ ಅತ್ತೆಗೆ ಎರಡು ಸಲ ಫೋನ್ ಮಾಡಿ, "ನಂದು ಮಾತ್ರ ಹೇಳಬ್ಯಾಡ್ರಿ ಅಕ್ಕಾರ" ಎಂದು ಬೇಡಿಕೊಂಡಿದ್ದಾಳೆ.