ಇಲಿಗೆಂದು ಬಿಟ್ಟ ಸಂದು

ನಾನು ಚಿಕ್ಕವಳಿದ್ದಾಗ, ಮಧ್ಯಾಹ್ನ ಎರಡು ಗಂಟೆ ಎಂದರೆ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳ ಊಟದ ಹೊತ್ತು. ಆ ದಿನ ಕೆಡುಕು ಶುರುವಾದದ್ದೂ ಸರಿಯಾಗಿ ಎರಡು ಗಂಟೆಗೇ.

ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ನಡುಮನೆಗೆ ಅಂಟಿಕೊಂಡ ಉದ್ದನೆಯ ಮಣ್ಣುಗೋಡೆಯ ಕೋಣೆ ಹುಳುಗಳದು. ಅಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೂ ಇದ್ದವು. ಕೊನೆಯ ಪೊರೆ ಕಳಚಿದ ಹುಳುಗಳು ನನ್ನ ಬೆರಳಿನಷ್ಟು ದಪ್ಪವಾಗಿ, ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಸಾವಿರಾರು ಸಣ್ಣ ಬಾಯಿಗಳ ಸರಸರ ಸದ್ದು. ಅದನ್ನು ಕೇಳುತ್ತಲೇ ನಾವು ಪಕ್ಕದಲ್ಲಿ ಮಲಗುತ್ತಿದ್ದೆವು.

ಆ ಕೊಬ್ಬಿದ ಹುಳುಗಳೆಂದರೆ ಇಲಿಗಳಿಗೆ ಹಬ್ಬದೂಟ. ಪಾಷಾಣ ಇಡುವಂತಿಲ್ಲ, ಒಂದು ಚೂರು ಸೊಪ್ಪಿಗೆ ಬಿದ್ದರೂ ಹುಳುಗಳೇ ಸಾಯುತ್ತವೆ. ಹಾಗಾಗಿ ಹೈಸ್ಕೂಲಿನಲ್ಲಿದ್ದ ಅಣ್ಣ ತಾನೇ ಒಂದು ಬೋನು ಮಾಡಿದ. ಹುಳುಗಳ ಕೋಣೆಯೊಳಗೆ ಬಾಗಿಲ ಪಕ್ಕದ ನೆಲ ಅಗೆದು, ದೊಡ್ಡ ಗುಡಾಣವನ್ನು ಕತ್ತಿನವರೆಗೂ ಹೂತ. ಅರ್ಧ ನೀರು ತುಂಬಿ, ಮೇಲೆ ರಾಗಿ ಹೊಟ್ಟು ತೇಲಿಬಿಟ್ಟು, ಹುರಿದ ಕಡಲೆಕಾಯಿ ಬೀಜ ಉದುರಿಸಿದ. ಹೊಟ್ಟನ್ನು ನೆಲವೆಂದುಕೊಂಡು ಜಿಗಿದ ಇಲಿ ನೀರಿಗೆ ಬೀಳುತ್ತಿತ್ತು.

ಅಮ್ಮ ಬಾಗಿಲ ಕೆಳಗಿನ ಸಂದನ್ನು ಮಣ್ಣಿನಿಂದ ಮೆತ್ತಲು ಹೋದಾಗ ಅಣ್ಣ ಬಿಡಲಿಲ್ಲ. "ಮುಚ್ಚಬೇಡಮ್ಮ, ಅವುಕ್ಕೆ ದಾರಿ ಬೇಡ್ವಾ? ಬಂದು ಬೀಳಲಿ" ಅಂದ.

"ಬರೋರೆಲ್ಲ ನಿನ್ನ ಕೇಳ್ಕೊಂಡು ಬರ್ತಾರಾ?" ಅಂತ ಅಮ್ಮ ಗೊಣಗಿದಳು. ಆದರೂ ಸಂದು ಹಾಗೇ ಉಳಿಯಿತು.

ಆ ದಿನ ನಾನು, ಅಣ್ಣ ಸೊಪ್ಪಿನ ಮಂಕರಿ ಹೊತ್ತು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಹುಳುಗಳ ಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಕೊಲ್ಲುವ ಊಜಿ ನೊಣ ಬರಬಾರದೆಂದು, ಒಳಗೆ ಹೋದ ಕೂಡಲೇ ಬಾಗಿಲು ಹಾಕಬೇಕಿತ್ತು. ಕಿಟಕಿಗೂ ನೈಲಾನ್ ಪರದೆ ಬಿಗಿದು ಮೊಳೆ ಹೊಡೆದಿದ್ದರು. ಗುಡಾಣದಲ್ಲಿ ಇಲಿಯೊಂದು ಕಿಚಕಿಚ ಎನ್ನುತ್ತಿತ್ತು. ನಾವು ಕೋಣೆಯ ಕೊನೆಯ ತಟ್ಟೆಗೆ ಸೊಪ್ಪು ಹಾಕುತ್ತಿದ್ದಾಗ ಆ ಸದ್ದು ಥಟ್ಟನೆ ನಿಂತಿತು. ತಿರುಗಿ ನೋಡಿದೆ. ಸಂದಿನಿಂದ ಬಂದ ನಾಗರಹಾವಿನ ತಲೆ ಗುಡಾಣದೊಳಗಿತ್ತು. ಮೈ ಬಾಗಿಲಿಗೆ ಅಡ್ಡವಾಗಿತ್ತು.

ನನ್ನ ಕೈಯಿಂದ ಮಂಕರಿ ಬಿತ್ತು. ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಹಾವು ತಲೆ ಎತ್ತಿ, ಹೆಡೆ ಬಿಚ್ಚಿ, ಒಂದು ಕ್ಷಣ ನಮ್ಮನ್ನೇ ನೋಡಿತು. ಆಮೇಲೆ ಸೊಪ್ಪಿನ ಅಡಿಗೆ ನುಗ್ಗಿ ಕಾಣದಾಯಿತು. ಈಗಲೂ ನನ್ನ ಮೈ ಬೆವರುವುದು ಅದನ್ನು ನೆನೆದೇ. ಅದು ಹರಿಯುವ ಸದ್ದೂ ಸರಸರ, ಹುಳು ಮೇಯುವ ಸದ್ದೂ ಸರಸರ. ಎಡಗಡೆ ಇದೆಯೋ, ಬಲಗಡೆಯೋ, ನನ್ನ ಕಾಲ ಬಳಿಯೋ ತಿಳಿಯುತ್ತಿರಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತೆವು.

"ಅಪ್ಪಾ, ಹಾವು!" ಅಣ್ಣ ಕೂಗಿದ.

ಕಿಟಕಿಯ ಹೊರಗೆ ಅಪ್ಪನ ಮುಖ ಕಂಡಿತು. ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲಿತ್ತು. "ಎಲ್ಲೈತೋ?"

"ಕಾಣ್ತಿಲ್ಲಪ್ಪಾ."

ಅಪ್ಪ ಕುಡುಗೋಲನ್ನು ಪರದೆಗೆ ಇಟ್ಟ. ಅಣ್ಣ ಅಳುದನಿಯಲ್ಲಿ, "ಕುಯ್ಯಬೇಡಪ್ಪಾ, ನೊಣ ಬರ್ತವೆ, ಹುಳ ಎಲ್ಲ ಹೋಗ್ತವೆ" ಅಂದ.

"ಹುಳ ಹೋದ್ರೆ ಹೋಗ್ಲಿ ಕಣೋ! ಮೊದಲು ಅವಳನ್ನ ಎತ್ತಿಕೊಡು. ಹೆದರಬೇಡ ಕಣಮ್ಮ, ನನ್ನೇ ನೋಡ್ತಿರು."

ಪರದೆ ಪರ್ ಎಂದು ಹರಿಯಿತು. ಅಣ್ಣ ನನ್ನನ್ನು ಎತ್ತಿದ, ಅಪ್ಪ ಎಳೆದುಕೊಂಡ. ಕಿಟಕಿ ಕಟ್ಟೆಗೆ ಮಂಡಿ ತರಚಿದ್ದು ಆಗ ಗೊತ್ತೇ ಆಗಲಿಲ್ಲ. ಅಣ್ಣ ಜಿಗಿಯಲು ಕಾಲೂರಿದಾಗ ಬುಸ್ ಎಂಬ ಸದ್ದು ಕೇಳಿತು. ಅಪ್ಪ ಅವನ ಅಂಗಿಯ ಕತ್ತು ಹಿಡಿದು ಎಳೆದ. ಗುಂಡಿಗಳೆಲ್ಲ ಕಿತ್ತು ಒಳಗೇ ಬಿದ್ದವು.

ನಾವು ಹೊರಬಂದದ್ದೇ ತಡ, ಅಮ್ಮ ಹಳೇ ಸೀರೆಯೊಂದನ್ನು ತಂದು ಕಿಟಕಿಗೆ ಅಡ್ಡ ಹಿಡಿದು ನಿಂತಳು, ಒಳಗೆ ಹಾವಿರುವಾಗಲೇ. ಅಪ್ಪ ಗಳದಿಂದ ಬಾಗಿಲು ತಳ್ಳಿ ತೆರೆದು ದೂರ ಬಂದ. ಇಳಿಹೊತ್ತಿಗೆ ಹಾವು ಹೊಸ್ತಿಲು ದಾಟಿ, ಉಬ್ಬಿದ ಹೊಟ್ಟೆ ಎಳೆಯುತ್ತಾ ಬೇಲಿಯತ್ತ ಹೋಯಿತು. ಅಮ್ಮ ಕೈಮುಗಿದಳು.

"ನನ್ನ ಬೋನಿನ ಇಲೀನ ಕದ್ಕೊಂಡು ಹೋಯ್ತು" ಅಂದ ಅಣ್ಣ. ಅವನ ಹಲ್ಲುಗಳು ಇನ್ನೂ ಕಟಕಟ ಅನ್ನುತ್ತಿದ್ದವು. ಅಂದೇ ಅವನು ಆ ಸಂದಿಗೆ ಮಣ್ಣು ಮೆತ್ತಿದ. ಮುಂದಿನ ದಿನಗಳಲ್ಲಿ ಊಜಿ ತಾಕಿದ ಹುಳುಗಳನ್ನು ಅಪ್ಪ ತಟ್ಟೆ ತಟ್ಟೆಯಲ್ಲೂ ಹೆಕ್ಕಿ ಎಸೆದ. ಪರದೆಯ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಇಲಿ ಬಂದರೆ ಅಂಗಡಿಯಿಂದ ಅಂಟಿನ ರಟ್ಟು ತಂದಿಡುತ್ತೀರಿ. ಫ್ಯಾನಿನ ಸದ್ದಿಲ್ಲದಿದ್ದರೆ ನಿಮಗೆ ನಿದ್ದೆ ಬಾರದು. ನೀವು ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕಿ ಸರಸರ ಎನಿಸಿದರೆ ನಾನು ಕಾಲು ಮೇಲೆತ್ತಿಕೊಳ್ಳುತ್ತೇನೆ. "ಅಜ್ಜಿ, ಹಾವು ಬಂತಾ?" ಎಂದು ನಗುತ್ತೀರಿ. ನಗಿ, ಪರವಾಗಿಲ್ಲ. ಆಗ ನಮಗೂ ಜೋಗುಳದಂಥದೊಂದು ಸದ್ದಿತ್ತು. ಆ ಮಧ್ಯಾಹ್ನದ ನಂತರ ಅದನ್ನು ಕೇಳುತ್ತಾ ನಮ್ಮಲ್ಲಿ ಯಾರಿಗೂ ಕಣ್ಣು ಮುಚ್ಚಲಾಗಲಿಲ್ಲ.

ಕೊನೆಗೊಂದು ದಿನ ಉಳಿದ ಹುಳುಗಳು ಹಣ್ಣಾದವು. ಮೈ ಹಳದಿಗೆ ತಿರುಗಿ, ಮೇವು ಬಿಟ್ಟವು. ಅಮ್ಮ ಒಂದೊಂದಾಗಿ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಸಂಜೆಗೆ ಕೋಣೆಯ ಸರಸರ ನಿಂತಿತು. ಅಪ್ಪ ಬಾಗಿಲಿಗೆ ಕಿವಿಯಿಟ್ಟು, "ಬನ್ರೋ, ಕೇಳ್ರಿ" ಅಂದ. ಕೇಳಲು ಏನೂ ಇರಲಿಲ್ಲ. ಅಂದು ನಾವೆಲ್ಲ ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು, ಬೆಳಗಿನವರೆಗೂ ಮಲಗಿದೆವು.