ಹುಲಗಪ್ಪನ ಗರಗಸಕ್ಕೆ ಬಾಲಮ್ಮನ ಕಿವಿ

ಕಕ್ಕೇರಾದ ಕೊನೆಯ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲಗಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ, ಮರ ಕೊಯ್ಯುವ ಮಷೀನನ್ನು ಅದರ ಮೇಲೆ ಬಿಚ್ಚಿ ಹರವಿಕೊಂಡು ಕುಳಿತಿದ್ದಾರೆ. ಹಲ್ಲಿನ ಸರಪಳಿ ಒಂದು ಕಡೆ, ಅದು ಓಡುವ ಪಟ್ಟಿ ಇನ್ನೊಂದು ಕಡೆ, ಎಂಜಿನ್ನಿನ ಹೊಟ್ಟೆಯೊಳಗಿನ ಸಾಮಾನೆಲ್ಲ ಉಣ್ಣುವ ತಟ್ಟೆಯಲ್ಲಿ. ಕಡ್ಡಿಗೆ ಹತ್ತಿ ಸುತ್ತಿ, ಸಂಡಾಸು ತೊಳೆಯುವ ಆ್ಯಸಿಡ್ಡಿನಲ್ಲಿ ಅದ್ದಿ ಸಿಲಿಂಡರಿನ ಒಳಗೋಡೆಗೆ ಸವರುತ್ತಾರೆ. ಕರಗಿ ಅಂಟಿಕೊಂಡ ಪಿಸ್ಟನ್ನಿನ ಲೋಹ ಅಲ್ಲಿ ನೊರೆಯಾಗಿ ಏಳುತ್ತದೆ. ಇವರ ಕೆಲಸದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕುಳಿತ ನನ್ನ ಮೂಗು ಹೊಗೆಗೆ ಉರಿಯುತ್ತದೆ, ಎದ್ದು ದೂರ ಸರಿಯುತ್ತೇನೆ. ಅವರು ಮುಖ ಕೂಡ ತಿರುಗಿಸುವುದಿಲ್ಲ.

"ಜಾಸ್ತಿ ಹಚ್ಚಿದ್ರ ಗ್ವಾಡಿನೂ ತಿಂತದ, ಕಮ್ಮಿ ಹಚ್ಚಿದ್ರ ಹೊಲಸು ಬಿಡಂಗಿಲ್ಲ. ಹಿಂಗ ಕುಂತು ತಿಕ್ಕಬೇಕ್ರಿ," ಎಂದು ಕೂಗಿ ಹೇಳುತ್ತಾರೆ. ಅವರು ಮಾತಾಡುವುದೇ ಹಾಗೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಬಾಯಿ ಹಚ್ಚಿ ಮಾತಾಡಿದರೆ ಅಷ್ಟಿಷ್ಟು ಕೇಳುತ್ತದೆ. ಮಷೀನು ಹಿಡಿದು ಹದಿಮೂರು ವರ್ಷವಾಯಿತು, ಒಂದು ದಿನವೂ ಕಿವಿಗೆ ಏನೂ ಕಟ್ಟಿಕೊಂಡವರಲ್ಲ. ಕಟ್ಟಿಕೋ ಎಂದು ಹೇಳಿದವರೂ ಇಲ್ಲ.

ಅವರ ಅಪ್ಪ ಕೊಡಲಿಯಲ್ಲಿ ಕಟ್ಟಿಗೆ ಕಡಿಯುತ್ತಿದ್ದರು. ಆಮೇಲೆ ಕಾಲುವೆ ಬಂತು, ಭತ್ತ ಬಂತು, ಕಾಲುವೆಯ ನೀರು ಕುಡಿದು ಜಾಲಿ ಕೊಬ್ಬಿತು. ಏರಿಯ ಮೇಲೂ ಅದೇ, ಹೊಲದ ಬದುವಿನ ಮೇಲೂ ಅದೇ. ಬೇಸಿಗೆಯಲ್ಲಿ ಕಾಲುವೆ ಒಣಗಿದಾಗ ಏರಿಯ ಜಾಲಿ ಕೊಯ್ಯುವ ಗುತ್ತಿಗೆ ಹುಲಗಪ್ಪನಂಥವರ ಪಾಲಿಗೆ ಬರುತ್ತದೆ. ಉಳಿದ ದಿನಗಳಲ್ಲಿ ಯಾರದೋ ಹೊಲದ ಬೇವು, ಯಾರದೋ ಹಿತ್ತಲಿನ ಹುಣಸೆ. ನಾವು ಭತ್ತದ ಲಾರಿ ಎಣಿಸಿ ಇದು ನೀರಾವರಿ ಸೀಮೆ ಎಂದು ಬೀಗುತ್ತೇವೆ. ಏರಿ ಸ್ವಚ್ಛ ಮಾಡಿದವನ ಹೆಸರು ಯಾರಿಗೂ ಬೇಕಾಗಿಲ್ಲ.

ಮಷೀನನ್ನು ಅವರು ಹೊಸದಾಗಿ ಕೊಂಡದ್ದಲ್ಲ. ಶಹಾಪುರದ ಗುಜರಿ ಅಂಗಡಿಯ ದಸ್ತಗೀರಸಾಬ ಅವರಲ್ಲಿ ಕೆಟ್ಟು ಬಿದ್ದಿದ್ದನ್ನು ತೂಕದ ಲೆಕ್ಕದಲ್ಲಿ ತಂದು, ಮನೆಯಲ್ಲೇ ಜೀವ ಬರಿಸಿದ್ದು. ಕಳೆದ ತಿಂಗಳು ಅದು ಕಾಲುವೆಯ ಮೇಲೆ ಕಿರುಚಿ ನಿಂತೇಬಿಟ್ಟಿತು. ಪೇಟೆಯ ಮೆಕ್ಯಾನಿಕ್ಕು ಹೇಳಿದ ಖರ್ಚು ಕೇಳಿದರೆ ಮಂತ್ರಕ್ಕಿಂತ ಉಗುಳೇ ಜಾಸ್ತಿ. ಹುಲಗಪ್ಪ ಮತ್ತೆ ದಸ್ತಗೀರಸಾಬ ಅವರ ಅಂಗಡಿಗೇ ಹೋಗಿ, ಅದೇ ಜಾತಿಯ ಇನ್ನೊಂದು ಸತ್ತ ಮಷೀನಿನ ಪಿಸ್ಟನ್ನು ಕಿತ್ತು ತಂದಿದ್ದಾರೆ. ಎಂಜಿನ್ನಿನ ಸಂದಿಗೆ ಹಾಕಲು ದಪ್ಪ ಕಾಗದ ಬೇಕು. ಯಾರದೋ ಲಗ್ನಪತ್ರಿಕೆಯನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿಟ್ಟಿದ್ದಾರೆ. ಪೆಟ್ರೋಲು ಹರಿಯುವ ನಳಿಗೆ ದವಾಖಾನೆಯ ಸಲೈನ್ ಪೈಪಿನ ತುಂಡು.

"ಎರಡು ಹೆಣ ಕೂಡಿಸಿ ಒಂದು ಜೀವ ಮಾಡಾಕತ್ತೇನ್ರಿ," ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾಗುತ್ತಿದೆ, ಏರಿಯ ಕೆಲಸ ಅರ್ಧಕ್ಕೇ ನಿಂತಿದೆ.

ಕೆಟ್ಟದ್ದು ಹೇಗೆ ಎಂದು ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಕಾಲುವೆಗೆ ಇಟ್ಟು ನೀರೆತ್ತುವ ಸಣ್ಣ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುವುವುದು ಇಲ್ಲಿನ ರೂಢಿ. ಅದೇ ರೂಢಿಯಲ್ಲಿ ಗರಗಸಕ್ಕೂ ಸೀಮೆಎಣ್ಣೆ ಸುರಿದು ಎಂಜಿನ್ನು ಸುಟ್ಟುಕೊಂಡವರು ಈ ಸೀಮೆಯಲ್ಲಿ ಹಲವರಿದ್ದಾರೆ. ಹುಲಗಪ್ಪನೂ ಹಾಗೇ ಮಾಡಿಕೊಂಡ ಎನ್ನುತ್ತದೆ ಊರು. ಪಕ್ಕದ ಮನೆಯ ಅಯ್ಯಪ್ಪ ಗೋಡೆಯ ಆಚೆಯಿಂದಲೇ ಛೇಡಿಸುತ್ತಾನೆ: "ಏ ಹುಲಗಪ್ಪ, ಈ ಸಲಾನೂ ಘಾಸಲೇಟ್ ಕುಡಸ್ತೀಯೇನೋ ಅದಕ್ಕ?" ಹುಲಗಪ್ಪನಿಗೆ ಕೇಳುವುದಿಲ್ಲ. ಹೆಂಡತಿ ಬಾಲಮ್ಮ ಕೈಸನ್ನೆಯಲ್ಲಿ ಅದನ್ನು ಮುಟ್ಟಿಸುತ್ತಾರೆ. ಹುಲಗಪ್ಪ ತಲೆ ಚಚ್ಚಿಕೊಂಡು, "ಮಬ್ಬ ಅದೀನಿ ನಾ, ಮಬ್ಬ," ಎನ್ನುತ್ತಾರೆ.

ಈ ಮನೆಯ ಕೆಲಸ ನಡೆಯುವುದು ಇಬ್ಬರಿಂದ. ಎಂಜಿನ್ನಿಗೆ ಪೆಟ್ರೋಲು ಎಷ್ಟು ಬಿಡಬೇಕು ಎನ್ನುವುದನ್ನು ಸಣ್ಣ ತಿರುಪೊಂದನ್ನು ತಿರುವಿ, ಶಬ್ದ ಕೇಳಿ ಗೊತ್ತು ಮಾಡಬೇಕು. ಕಡಿಮೆಯಾದರೆ ಎಂಜಿನ್ನು ಕೀಚಲು ದನಿಯಲ್ಲಿ ಕಿರುಚಿ ಸುಡುತ್ತದೆ. ಹೆಚ್ಚಾದರೆ ಗೊರಗುಟ್ಟುತ್ತದೆ. ಹುಲಗಪ್ಪ ತಿರುಪು ಹಿಡಿಯುತ್ತಾರೆ, ಬಾಲಮ್ಮ ಕೇಳುತ್ತಾರೆ. ಕೈ ಮೇಲೆತ್ತಿದರೆ ಇನ್ನಷ್ಟು ಬಿಡು, ಕೆಳಗಿಳಿಸಿದರೆ ಕಡಿಮೆ ಮಾಡು, ಅಂಗೈ ಬಿಚ್ಚಿ ತೋರಿಸಿದರೆ ಸಾಕು. ಮರ ಕೊಯ್ಯುವಾಗಲೂ ಅಷ್ಟೆ. ಹುಲಗಪ್ಪನ ಸೊಂಟಕ್ಕೆ ಒಂದು ಹಗ್ಗ, ಅದರ ತುದಿ ದೂರದಲ್ಲಿ ನಿಂತ ಬಾಲಮ್ಮನ ಕೈಯಲ್ಲಿ. ಬೀಳುವ ಮುನ್ನ ಮರ ಲಟಕ್ ಎನ್ನುತ್ತದೆ. ಅದು ಕೇಳಿದ ಕೂಡಲೇ ಬಾಲಮ್ಮ ಹಗ್ಗ ಜಗ್ಗುತ್ತಾರೆ, ಹುಲಗಪ್ಪ ಮಷೀನು ಬಿಟ್ಟು ಆಕೆಯ ಕಡೆಗೇ ಓಡುತ್ತಾರೆ.

"ಗಿಡದ ಆವಾಜು ನನಗ ಪೈಲೇ ತಿಳಿತದ್ರಿ," ಎನ್ನುತ್ತಾರೆ ಬಾಲಮ್ಮ. "ಬೇವು ತಡಾ ಮಾಡ್ತದ. ಜಾಲಿ ಹೇಳದ ಕೇಳದ ಬೀಳ್ತದ. ಜಾಲಿ ಭಾಳ ಖೊಟ್ಟಿ."

ಬಿಸಿಲೇರುವ ಮೊದಲು ಅವರು ಕೊಡ ಹೊತ್ತು ನಳದ ಕಡೆ ಹೊರಡುತ್ತಾರೆ. ಆಕೆ ತಿರುವು ದಾಟುವವರೆಗೂ ನೋಡಿ, ಹುಲಗಪ್ಪ ನನ್ನನ್ನು ಹತ್ತಿರ ಕರೆಯುತ್ತಾರೆ. ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡಿದ್ದಾರೆ. ಆ ಪಿಸುಮಾತು ನಾಲ್ಕು ಮನೆಗೆ ಕೇಳುವಂತಿದೆ.

"ಘಾಸಲೇಟು ಹಾಕಿಲ್ರಿ ನಾ. ಸುಳ್ಳ ಹೇಳೀನಿ ಊರಿಗಿ."

ಇನ್ನಷ್ಟು ಹತ್ತಿರ ಸರಿದು ಕೂರುತ್ತೇನೆ.

"ಆವತ್ತ ಮಷೀನ ಒದರಾಕತ್ತಿತ್ತು. ನನ್ನ ಕೈಗೆ ತಿಳೀತು, ನಡುಗೋದು ಬ್ಯಾರೆ ಥರ ಇತ್ತು. ಆಕಿ ನೋಡಿದ್ರ ಅಂಗೈ ಬಿಚ್ಚಿ ತೋರ್ಸಾಕತ್ತಾಳ, ಬರೋಬ್ಬರಿ ಅದ ಅಂತ. ನನ್ನ ಕೈ ಸುಳ್ಳ, ಆಕಿ ಕಿವಿ ಖರೇ ಅಂತ ತಿಳದು ಕೊಯ್ದೆ. ಸುಟ್ಟ ಹೋತು." ಸ್ವಲ್ಪ ಹೊತ್ತು ಪಿಸ್ಟನ್ನನ್ನು ಒರೆಸುತ್ತಾರೆ. "ಅದರ ಹಿಂದಿನ ದಿನ ಒಂದು ದೊಡ್ಡ ಟೊಂಗಿ ಮುರದು ಬಿತ್ರಿ. ಭುಜಾ ಸವರಿ ಹೋತು. ಆಕಿ ಹಗ್ಗ ಜಗ್ಗಲಿಲ್ಲ. ನಿಂತಾಳ, ನನ್ನೇ ನೋಡಾಕತ್ತಾಳ, ಜಗ್ಗವಲ್ಲಳು. ಆಕಿಗಿ ಕೇಳೇ ಇಲ್ಲ."

ಹದಿಮೂರು ವರ್ಷ ಆ ಸದ್ದಿನ ಪಕ್ಕದಲ್ಲಿ ನಿಂತದ್ದು ಬಾಲಮ್ಮ ಕೂಡ. ಇಷ್ಟು ಸರಳ ಸಂಗತಿ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಗಿಡ ಕಡಸೋರು ಕೂಲಿ ನನಗೊಬ್ಬಂಗೇ ಕೊಟ್ರು. ಕಿವಿ ಇಬ್ರವೂ ಹೋದ್ವು," ಎನ್ನುತ್ತಾರೆ. ಆ ಮಾತಿನಲ್ಲಿ ಸಿಟ್ಟೂ ಇಲ್ಲ.

ದೊಡ್ಡ ಮರಗಳನ್ನು ಬಿಟ್ಟುಬಿಡಬಾರದೇ ಎಂದು ಅವರ ಎಡಗಿವಿಗೆ ಬಾಯಿ ಹಚ್ಚಿ ಕೇಳುತ್ತೇನೆ. ಬಿಡಬೇಕೆಂದೇ ಇದ್ದಾರೆ. ಇನ್ನು ಮುಂದೆ ತೋಳುಗಾತ್ರದ ಜಾಲಿ ಮಾತ್ರ. ಬರುವ ಕೂಲಿ ಅರ್ಧವಾಗುತ್ತದೆ, ಅದಕ್ಕೂ ತಯಾರು. ಆದರೆ ಯಾಕೆ ಬಿಟ್ಟೆ ಎಂದು ಬಾಲಮ್ಮ ಕೇಳಿದರೆ? "ಮಷೀನಿಗಿ ಮೊದಲಿನ ತಾಕತ್ತಿಲ್ಲ ಅಂತೀನಿ. ಮಷೀನಿನ ಮ್ಯಾಲ ಹಾಕಿದ್ರ ಯಾರಿಗೂ ನೋವಾಗಂಗಿಲ್ಲ." ಇನ್ನೊಂದು ತೊಡಕೂ ಇದೆ. ಪೆಟ್ರೋಲು ಸರಿಯಿದೆಯೋ ಇಲ್ಲವೋ ಎನ್ನುವುದು ಪ್ಲಗ್ ಬಿಚ್ಚಿ ನೋಡಿದರೂ ತಿಳಿಯುತ್ತದೆ. ತುದಿ ಚಹಾದ ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ಎಂಜಿನ್ನು ಸುಡುತ್ತಿದೆ ಎಂದರ್ಥ. "ಆದ್ರ ಆಕಿ ಮುಂದ ಹ್ಯಾಂಗ ಬಿಚ್ಚಲ್ರಿ? ಇಷ್ಟ್ ವರ್ಷ ಆಕಿ ಕೈ ನೋಡಿ ತಿರುವೀನಿ. ಇವತ್ತ ಪ್ಲಗ್ ನೋಡಿದ್ರ ನಿನ್ನ ನಂಬಂಗಿಲ್ಲ ಅಂದಂಗ ಆಗ್ತದ."

ಬರೆಯಲೇ ಎಂದು ಕೇಳುತ್ತೇನೆ. "ಬರೀರಿ. ಆಕಿಗಿ ಓದಾಕ ಬರಂಗಿಲ್ಲ. ಬಾಯಿಲೆ ಮಾತ್ರ ಹೇಳಬ್ಯಾಡ್ರಿ."

ಬಾಲಮ್ಮ ನೀರು ತಂದಿಟ್ಟು, ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಾರೆ. ಹುಲಗಪ್ಪ ಮಷೀನು ಜೋಡಿಸಿ, ಚಾಲೂ ಮಾಡುವ ಹಗ್ಗ ಎಳೆಯುತ್ತಾರೆ, ಎಳೆಯುತ್ತಲೇ ಇರುತ್ತಾರೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುವ ಹೊತ್ತಿಗೆ ಮಷೀನು ಕೆಮ್ಮಿ, ನೀಲಿ ಹೊಗೆ ಕಾರಿ, ಹತ್ತಿಕೊಳ್ಳುತ್ತದೆ. ಓಣಿಯ ನಾಯಿಗಳೆಲ್ಲ ಓಡುತ್ತವೆ. ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ. ಬಾಲಮ್ಮ ಕಣ್ಣು ಮುಚ್ಚಿ, ಕುತ್ತಿಗೆ ಚಾಚಿ, ಕಿವಿಯನ್ನು ಮಷೀನಿನತ್ತ ಕೊಟ್ಟು ನಿಲ್ಲುತ್ತಾರೆ. ಕೈ ಮೇಲೇರುತ್ತದೆ, ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಹುಲಗಪ್ಪ ಅದನ್ನೇ ನೋಡುತ್ತ ತಿರುಪು ತಿರುವುತ್ತಾರೆ. ಕೊನೆಗೆ ಅಂಗೈ ಬಿಚ್ಚಿಕೊಳ್ಳುತ್ತದೆ.

ಅಂಗಳದಲ್ಲಿದ್ದ ಜಾಲಿಯ ದಿಮ್ಮಿಯನ್ನು ಅವರು ಒಂದೇ ಉಸಿರಿಗೆ ಎರಡು ತುಂಡು ಮಾಡಿ, ಮಷೀನು ಬಂದ್ ಮಾಡುತ್ತಾರೆ. "ಬರೋಬ್ಬರಿ ಹೇಳಿದಿ ನೋಡು!" ಎಂದು ಹೆಂಡತಿಗೆ ಕೂಗುತ್ತಾರೆ. ಬಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಚಹಾ ಕಾಸ್ತೀನಿ, ಒಳಗ ಬರ್ರಿ," ಎಂದು ನನ್ನನ್ನು ಕರೆಯುತ್ತಾರೆ.

ಒಳಗೆ ಹೋಗಿ ಕೂರುತ್ತೇನೆ. ಬಾಗಿಲಿನಿಂದ ಅಂಗಳ ಪೂರ್ತಿ ಕಾಣುತ್ತದೆ. ಹುಲಗಪ್ಪ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ, ಬೆನ್ನು ತಿರುಗಿಸುತ್ತಾರೆ, ಸ್ಪ್ಯಾನರ್ ಹಾಕಿ ಪ್ಲಗ್ ಬಿಚ್ಚುತ್ತಾರೆ. ಬಿಸಿ ತಾಗಿದ ಬೆರಳಿಗೆ ಬಾಯಿಂದ ಊದುತ್ತ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಬಾಲಮ್ಮನ ಕಣ್ಣಿಗೆ ಬೀಳದಿರಲೆಂದು ನಾನು ಮೆಲ್ಲಗೆ ಬಾಗಿಲಿಗೆ ಅಡ್ಡ ಸರಿಯುತ್ತೇನೆ.

"ಅಡ್ಡ ಕುಂದ್ರಬ್ಯಾಡ್ರಿ, ಕಾಣ್ತದ ನನಗ," ಎನ್ನುತ್ತಾರೆ ಬಾಲಮ್ಮ.

ತಿರುಗಿ ನೋಡುತ್ತೇನೆ. ಆಕೆ ಒಲೆ ಹಚ್ಚಿಲ್ಲ, ಚಹಾದ ಪಾತ್ರೆಯನ್ನೂ ಇಟ್ಟಿಲ್ಲ. ಗೋಡೆಗೆ ಒರಗಿ ಗಂಡನ ಬೆನ್ನನ್ನೇ ನೋಡುತ್ತ ನಿಂತಿದ್ದಾರೆ.

"ನೋಡ್ಲಿ ಬಿಡ್ರಿ. ಅಂವ ನೋಡ್ಲಿ ಅಂತನ ಒಳಗ ಬಂದೀನಿ."