ಹೊರಟವರ ಹಿಂದೆ ಒಂದು ಚೊಂಬು ನೀರು

ಮೊನ್ನೆ ಮಗಳು ಅಟ್ಲಾಂಟಾಕ್ಕೆ ಹೊರಡುವ ಮುಂಚೆ ಮೊಸರಿನ ಸಾರು ಮಾಡಿ, ಬೆಣ್ಣೆಯಲ್ಲಿ ಒಣ ಪುದೀನದ ಒಗ್ಗರಣೆ ಕೊಟ್ಟೆ. ಆ ಘಮ ಎದ್ದದ್ದೇ ತಡ, ತೊಂಬತ್ತರ ದಶಕದಲ್ಲಿ ನಾವಿದ್ದ ಅಮೆರಿಕದ ಡರ್ಹಮ್ಮಿನ ಅಪಾರ್ಟ್‌ಮೆಂಟು, ಎದುರು ಬಾಗಿಲಿನ ಟರ್ಕಿಯ ಅಮ್ಮ...

ತಮ್ಮ ಮಗಳ ಕೂಸನ್ನು ನೋಡಿಕೊಳ್ಳಲು ಬಂದಿದ್ದವರು. ನಾನು ಅವರನ್ನು 'ತೇಯ್ಜೆ' ಎನ್ನುತ್ತಿದ್ದೆ. ತಾಯಿಯ ಅಕ್ಕತಂಗಿಯರನ್ನು ಅವರು ಕರೆಯುವುದು ಹಾಗೆ. ಇಬ್ಬರದೂ ಹರಕು ಇಂಗ್ಲಿಷು. ನನ್ನ ಅಜ್ಜಿ ಸೊಪ್ಪು ಬಿಡಿಸುತ್ತ ನನಗೆ ಮಾತು ಕಲಿಸಿದ ಹಾಗೆ ಅವರು ಹುರುಳಿಕಾಯಿ ಮುರಿಯುತ್ತ ತಮ್ಮ ಟರ್ಕಿ ಭಾಷೆ ಕಲಿಸಿದರು. ಎವ್ ಅಂದರೆ ಮನೆ. ಎವ್‌ದೆ, ಮನೆಯಲ್ಲಿ. ಎವ್‌ದೆನ್, ಮನೆಯಿಂದ. ಅರೆ, ನಮ್ಮ ಹಾಗೆಯೇ ಬಾಲ ಅಂಟಿಸುತ್ತಾರಲ್ಲ ಎಂದು ಹಿಗ್ಗಿದೆ. ಆದರೆ ಅವರಲ್ಲಿ 'ನನ್ನ' ಎನ್ನುವುದೂ ಬಾಲವೇ. ಎವಿಮ್, ನನ್ನ ಮನೆ. ಎವಿಮ್‌ದೆನ್, ನನ್ನ ಮನೆಯಿಂದ.

"ನಿಮ್ಮಲ್ಲಿ 'ನನ್ನ' ಮುಂಚೆಯೇ ಓಡಿ ಬರುತ್ತೆ. ಆಸೆಬುರುಕರು," ಎಂದು ಛೇಡಿಸುತ್ತಿದ್ದರು. "ನಮ್ಮಲ್ಲಿ ಮೊದಲು ಮಗಳು, ಆಮೇಲೆ ನನ್ನವಳು. ಕಿಜಿಮ್."

ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ, ಕಿಜಿಮ್. ಅಮ್ಮನನ್ನು ಬಿಟ್ಟು ಅಷ್ಟು ದೂರ ಬಂದಿದ್ದ ನನಗೆ ಆ ಪುಟ್ಟ ಬಾಲವೇ ದೊಡ್ಡ ಆಸರೆಯಾಗಿತ್ತು.

ಚಳಿಗಾಲಕ್ಕೆ ಅವರು ಊರಿಗೆ ಹೊರಟರು. ಡಾಗ್‌ವುಡ್ ಮರ ವಸಂತದಲ್ಲಿ ಹೂ ಬಿಡುವಷ್ಟರಲ್ಲಿ ಬರುತ್ತೇನೆ ಎಂದರು. ಹೊರಟವರ ಹಿಂದೆ ನೀರು ಚೆಲ್ಲುವುದು ಅವರ ಪದ್ಧತಿ. ನೀರಿನ ಹಾಗೆ ಸಲೀಸಾಗಿ ಹೋಗಿ, ನೀರಿನ ಹಾಗೆಯೇ ಹರಿದು ಬರಲಿ ಎಂದು. "ಮಗಳು ಕಾರು ಓಡಿಸುತ್ತಾಳೆ. ನೀರು ನೀನೇ ಹಾಕಬೇಕು, ಕಿಜಿಮ್," ಎಂದರು.

ನಮ್ಮ ಯಜಮಾನರು ಬೆಚ್ಚಿದರು. "ಏನೇ, ತಲೆ ಕೆಟ್ಟಿದ್ಯಾ? ಹೆಣ ಎತ್ತಿದ್ಮೇಲೆ ತಾನೆ ನಮ್ಮಲ್ಲಿ ಬಾಗಿಲಿಗೆ ನೀರು ಹಾಕೋದು?"

"ಅವ್ರ ಶಾಸ್ತ್ರ ಅವ್ರಿಗೆ ರೀ. ಅವ್ರು ವಾಪಸ್ ಬರ್ಬೇಕು, ಅಷ್ಟೆ," ಎಂದೆ.

ಕಾರು ಹೊರಟಿತು. ಚೊಂಬಿನ ನೀರನ್ನು ಅದರ ಹಿಂದೆ ಹಾಕಿದೆ. ತೇಯ್ಜೆ ಹಿಂದಿನ ಗಾಜಿನಿಂದ ನೋಡಿ, ಸರಿಯಾಗಿ ಬಿತ್ತು ಎನ್ನುವಂತೆ ತಲೆಯಾಡಿಸಿದರು.

ಡಾಗ್‌ವುಡ್ ಹೂ ಬಿಟ್ಟಿತು... ಅವರು ಬರಲಿಲ್ಲ. ಊರಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರೆಂದು ಅವರ ಮಗಳು ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಯಜಮಾನರು ಆ ನೀರಿನ ಮಾತು ಎತ್ತಲಿಲ್ಲ. ನಾನೂ ಮತ್ತೆ ಯಾರ ಹಿಂದೆಯೂ ನೀರು ಹಾಕಲಿಲ್ಲ.

ಮೊನ್ನೆ ಮಗಳು ಸಾರು ಕುಡಿದು, "ಸೂಪರ್ ಇದೆ ಅಮ್ಮಾ, ಯಾರ ರೆಸಿಪಿ?" ಎಂದಳು.

"ತೇಯ್ಜೆಮ್‌ದೆನ್," ಎಂದೆ. ನನ್ನ ಚಿಕ್ಕಮ್ಮನಿಂದ...

ಅವಳು ನಕ್ಕು ಕಾರು ಹತ್ತಿದಳು. ಹಿಂತಿರುಗಿ ನೋಡಿದರೆ ಯಜಮಾನರು ಚೊಂಬಿನಲ್ಲಿ ನೀರು ತುಂಬಿಸಿ ತಂದು ನಿಂತಿದ್ದರು. "ತಗೋ, ಹಾಕು. ಅವಳು ವಾಪಸ್ ಬರ್ಬೇಕಲ್ಲ," ಎಂದರು.

ನೀರು ಡ್ರೈವ್‌ವೇಯಲ್ಲಿ ಸ್ವಲ್ಪ ದೂರ ಅವಳ ಹಿಂದೆಯೇ ಹರಿದು ಹೋಯಿತು. ಸರಿಯಾಗಿ ಬಿತ್ತು ಎಂದು ತಲೆಯಾಡಿಸಲು ತೇಯ್ಜೆ ಇರಲಿಲ್ಲ.